‘ಇಲ್ಲ’ ಎಂಬುದರ ಅನ್ವಯ: ನಿಷೇಧ, ಪ್ರಶ್ನೆ ಮತ್ತು ಇಂಗ್ಲಿಷಿನ ಸಹಾಯಕ ಕ್ರಿಯಾಪದ

ಒಂದು ವಸ್ತು ಇಲ್ಲವೆಂದಾಗ, ಅಥವಾ ಒಂದು ವಸ್ತು ಮತ್ತೊಂದಲ್ಲವೆಂದಾಗ, ನಿರಾಕರಣೆಗೆ ಒಳಗಾಗುವುದು ಯಾವುದು, ಆ ನಿರಾಕರಣೆ ವಾಕ್ಯದ ಯಾವ ಅಂಗಕ್ಕೆ ಸಲ್ಲುತ್ತದೆ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲೂ ಪಾಶ್ಚಾತ್ಯ ತರ್ಕಶಾಸ್ತ್ರದಲ್ಲೂ ಬಹಳ ಹಳೆಯದು. ಅರಿಸ್ಟಾಟಲನು ‘ನ್ಯಾಯವಂತನಾಗಿಲ್ಲ’ ಎಂಬುದನ್ನೂ ‘ನ್ಯಾಯವಂತನಲ್ಲದವನಾಗಿದ್ದಾನೆ’ ಎಂಬುದನ್ನೂ ಬೇರೆ ಬೇರೆ ಹೇಳಿಕೆಗಳೆಂದು ಎಣಿಸಿದನು. ನಮ್ಮ ವೈಯಾಕರಣರೂ ಮೀಮಾಂಸಕರೂ ಇದೇ ಭೇದವನ್ನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿ ಅದಕ್ಕೆ ಪಾರಿಭಾಷಿಕ ಹೆಸರುಗಳನ್ನು ಕೊಟ್ಟರು. ಇದೇ ಪ್ರಶ್ನೆ ಇಂದು ಇಂಗ್ಲಿಷ್ ಕಲಿಯುವ ಕನ್ನಡದ ವಿದ್ಯಾರ್ಥಿಯ ಮುಂದೆ ದರ್ಶನದ ವೇಷವಿಲ್ಲದೆ, ಸಹಾಯಕ ಕ್ರಿಯಾಪದದ ನಿಯಮವಾಗಿ ಬಂದು ನಿಲ್ಲುತ್ತದೆ. ಬಾಯಿಪಾಠ ಮಾಡಿಸಿ ಮುಗಿಸುವ ಈ ನಿಯಮದೊಳಗೆ ನಿಷೇಧದ ಸ್ವರೂಪವನ್ನು ಕುರಿತ ಒಂದು ನಿಲುವು ಅಡಗಿದೆ.

ಸಹಾಯಕ ಕ್ರಿಯಾಪದವೆಂದರೆ ಮುಖ್ಯ ಕ್ರಿಯಾಪದದ ಜೊತೆ ನಿಂತು ಕಾಲ, ಸಾಧ್ಯತೆ, ಕರ್ತವ್ಯ ಮೊದಲಾದವನ್ನು ಸೂಚಿಸುವ ಪದ. ಈಸ್, ಹ್ಯಾವ್, ಕ್ಯಾನ್, ವಿಲ್, ಮಸ್ಟ್ ಇವೆಲ್ಲ ಈ ಗುಂಪಿನವು. ನಿಷೇಧವಾಕ್ಯದಲ್ಲಿ ‘ನಾಟ್’ ಎಂಬುದು ಮೊದಲ ಸಹಾಯಕ ಪದದ ಬೆನ್ನಿಗೇ ಬರುತ್ತದೆ, ಹೌದು ಅಥವಾ ಅಲ್ಲವೆಂಬ ಉತ್ತರವನ್ನು ಬಯಸುವ ಪ್ರಶ್ನೆಯಲ್ಲಿ ಅದೇ ಸಹಾಯಕ ಪದ ಕರ್ತೃವನ್ನು ದಾಟಿ ಮುಂದಕ್ಕೆ ಹೋಗುತ್ತದೆ. ವಾಕ್ಯದಲ್ಲಿ ಸಹಾಯಕ ಪದವೇ ಇಲ್ಲದಿದ್ದರೆ ‘ಡು’ ಎಂಬುದನ್ನು ಹೊರಗಿನಿಂದ ತಂದು ನಿಲ್ಲಿಸಬೇಕು, ಮತ್ತು ಹಾಗೆ ತಂದ ಪದವು ಕಾಲದ ಹಾಗೂ ವಚನದ ಗುರುತನ್ನು ಮುಖ್ಯ ಕ್ರಿಯೆಯಿಂದ ತಾನು ವಹಿಸಿಕೊಳ್ಳುತ್ತದೆ. ‘ಹಿ ಈಟ್ಸ್’ ಎಂಬುದು ‘ಹಿ ಡಸ್ ನಾಟ್ ಈಟ್’ ಎಂದಾದಾಗ ‘ಈಟ್ಸ್’ನ ಕೊನೆಯ ಸಕಾರ ‘ಡಸ್’ನ ಕೊನೆಗೆ ಸರಿದಿರುವುದು ಬರಿಯ ಕಿವಿಗೂ ಕೇಳಿಸುತ್ತದೆ, ಉಳಿದ ‘ಈಟ್’ ಕಾಲವನ್ನಾಗಲಿ ಪುರುಷವನ್ನಾಗಲಿ ಹೇಳದ ಬರಿಯ ಧಾತುವಾಗುತ್ತದೆ. ‘ಡಿಡ್ ಯು ವೆಂಟ್’ ಎನ್ನುವ ವಿದ್ಯಾರ್ಥಿ ಭೂತಕಾಲವನ್ನು ಎರಡು ಸಲ ಹೇಳಿದಂತಾಯಿತು. ‘ವೈ ಯು ಆರ್ ಕ್ರೈಯಿಂಗ್’ ಎನ್ನುವವನು ಸಹಾಯಕ ಪದವನ್ನು ಮುಂದಕ್ಕೆ ಒಯ್ಯುವುದನ್ನು ಮರೆತನು. ‘ಹೂ ಕೇಮ್’ ಎಂದು ಕರ್ತೃವನ್ನೇ ಕೇಳುವ ಪ್ರಶ್ನೆಗೆ ಮಾತ್ರ ಈ ‘ಡು’ ಬೇಕಾಗುವುದಿಲ್ಲ.

ಈ ಏರ್ಪಾಡು ಇಂಗ್ಲಿಷಿನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ನೆ’ ಎಂಬ ನಿಷೇಧಪದ ಕ್ರಿಯಾಪದದ ಮುಂದೆ ಬರುತ್ತಿತ್ತು. ಅದರ ಉಚ್ಚಾರ ಕ್ಷೀಣಿಸಿದಂತೆ ಒತ್ತು ಕೊಡಲು ಕ್ರಿಯಾಪದದ ಹಿಂದೆ ‘ನಾಟ್’ ಸೇರಿತು, ಮುಂದೆ ‘ನೆ’ ಉದುರಿ ‘ನಾಟ್’ ಒಂದೇ ಉಳಿಯಿತು. ಬಲಗುಂದಿದ ನಿಷೇಧಪದಕ್ಕೆ ಆಸರೆ ಬಂದು ಕಡೆಗೆ ಆಸರೆಯೇ ಅಧಿಕಾರಿಯಾಗುವ ಈ ಚಕ್ರವನ್ನು ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೋ ಯೆಸ್ಪರ್ಸನ್ 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಲವು ಭಾಷೆಗಳ ಆಧಾರದಿಂದ ವಿವರಿಸಿದನು. ‘ಐ ನೋ ನಾಟ್’ ಎಂದು ಕ್ರಿಯಾಪದದ ಹಿಂದೆಯೇ ‘ನಾಟ್’ ಇಡುವ ರೂಪವನ್ನೂ ‘ಐ ಡು ನಾಟ್ ನೋ’ ಎಂಬ ರೂಪವನ್ನೂ ಷೇಕ್ಸ್‌ಪಿಯರ್ ಎರಡನ್ನೂ ಬಳಸಿದ್ದಾನೆ. ಸ್ವೀಡನ್ನಿನ ಆಲ್ವಾರ್ ಎಲ್ಲೆಗೋರ್ಡ್ 1953ರಲ್ಲಿ ‘ಡು’ವಿನ ಹರಡುವಿಕೆಯನ್ನು ಹಳೆಯ ಗದ್ಯಗ್ರಂಥಗಳಿಂದ ಎಣಿಸಿ ತೋರಿಸಿದಂತೆ, ಅದು ಮೊದಲು ಪ್ರಶ್ನೆಗಳಲ್ಲಿ ನೆಲೆಯೂರಿ, ಸಾಮಾನ್ಯ ನಿಷೇಧವಾಕ್ಯಗಳಿಗೆ ನಿಧಾನವಾಗಿ ಬಂತು, ನಿಷೇಧವೂ ಪ್ರಶ್ನೆಯೂ ಅಲ್ಲದ ಸರಳ ವಾಕ್ಯಗಳಲ್ಲೂ ಕೆಲಕಾಲ ಮೆರೆದು ಅಲ್ಲಿಂದ ಹಿಂದೆ ಸರಿಯಿತು, ಈಗ ಅಲ್ಲಿ ಒತ್ತು ಕೊಡುವಾಗ ಮಾತ್ರ ಕಾಣುತ್ತದೆ. ಹೀಗೆ ಸರಳ ಹೇಳಿಕೆಗೆ ಬೇಡವಾಗಿ ನಿಷೇಧಕ್ಕೂ ಪ್ರಶ್ನೆಗೂ ಬೇಕಾದ ಪದಕ್ಕೆ ತನ್ನದೆಂಬ ಅರ್ಥ ಯಾವುದೂ ಇಲ್ಲ. ‘ಮಾಡು’ ಎಂಬ ಅದರ ಹಳೆಯ ಅರ್ಥ ಇಲ್ಲಿ ಪೂರ್ತಿ ಸವೆದುಹೋಗಿದೆ. ಹೇಳಿಕೆಯ ವಿಷಯವನ್ನು ಒಂದು ಕಡೆ ಇಟ್ಟು, ಆ ವಿಷಯವನ್ನು ಸ್ಥಾಪಿಸುವ ಅಧಿಕಾರವನ್ನು ಇನ್ನೊಂದು ಕಡೆ ಇಡಲು ಇಂಗ್ಲಿಷು ಒಂದು ಖಾಲಿ ಆಸನವನ್ನು ಕಲ್ಪಿಸಿಕೊಂಡಿತು ಎಂದೇ ಇದನ್ನು ಅರ್ಥಮಾಡಿಕೊಳ್ಳಬೇಕು.

ಸಂಸ್ಕೃತದಲ್ಲಿ ಇಂಥ ಆಸನವಿಲ್ಲ. ಅಲ್ಲಿನ ‘ನ’ಕಾರ ವಾಕ್ಯದಲ್ಲಿ ಹೆಚ್ಚುಕಡಿಮೆ ಎಲ್ಲಿಯಾದರೂ ಬರಬಲ್ಲದಾದ್ದರಿಂದ, ಅದು ಕಣ್ಣಿಗೆ ಎಲ್ಲಿ ಕಾಣುತ್ತದೆ ಎಂಬುದಕ್ಕಿಂತ ಅರ್ಥದಲ್ಲಿ ಯಾವುದರೊಡನೆ ಅನ್ವಯಿಸುತ್ತದೆ ಎಂಬುದನ್ನು ಶಾಸ್ತ್ರಕಾರರು ನಿರ್ಣಯಿಸಬೇಕಾಯಿತು. ನಕಾರಕ್ಕೆ ವ್ಯಾಕರಣದ ಸಂಕೇತ ‘ನಞ್’ ಎಂದು. ಅದು ನಾಮಪದದೊಡನೆ ಸೇರಿ ‘ಅದರಿಂದ ಬೇರೆಯಾದದ್ದು’ ಎಂದು ತಿಳಿಸಿದರೆ ಪರ್ಯುದಾಸ, ಕ್ರಿಯೆಯೊಡನೆ ಸೇರಿ ಪ್ರಸಕ್ತವಾದುದನ್ನು ತಳ್ಳಿಹಾಕಿದರೆ ಪ್ರಸಜ್ಯಪ್ರತಿಷೇಧ. ಪ್ರಸಕ್ತವೆಂದರೆ ಹಾಗಿರಬಹುದೆಂದು ಬುದ್ಧಿಗೆ ಬಂದು ಒದಗಿದ್ದು. ‘ಅಬ್ರಾಹ್ಮಣನನ್ನು ಕರೆ’ ಎಂದರೆ ಬ್ರಾಹ್ಮಣನಿಗಿಂತ ಬೇರೆಯಾದ ಒಬ್ಬ ಮನುಷ್ಯನನ್ನೇ ಕರೆತರುತ್ತಾರೆ, ಕಲ್ಲನ್ನು ಹೊತ್ತು ತರುವುದಿಲ್ಲ. ನಿಷೇಧದ ವೇಷದಲ್ಲಿ ಅಲ್ಲೊಂದು ವಿಧಾನವೇ ಇದೆ. ಇದಕ್ಕೆ ವ್ಯತಿರಿಕ್ತವಾಗಿ, ಅಂತಃಪುರದ ಸ್ತ್ರೀಯರಿಗೆ ಪಾಣಿನಿಯ ಸೂತ್ರವೊಂದು ಸಾಧಿಸುವ ‘ಅಸೂರ್ಯಂಪಶ್ಯಾ’ ಎಂಬ ಪದದಲ್ಲಿ ನಕಾರದ ಅಕಾರ ಸೂರ್ಯನಿಗೆ ಅಂಟಿಕೊಂಡಿದ್ದರೂ ಅರ್ಥದಲ್ಲಿ ಅದು ನೋಡುವ ಕ್ರಿಯೆಯನ್ನು ಸೇರುತ್ತದೆ: ಸೂರ್ಯನನ್ನೂ ಕಾಣದವರು ಎಂದು ಅರ್ಥವೇ ಹೊರತು, ಸೂರ್ಯನಲ್ಲದ್ದನ್ನು ನೋಡುವವರು ಎಂದಲ್ಲ. ಕಂಡ ಸ್ಥಾನಕ್ಕೂ ಅನ್ವಯಕ್ಕೂ ಇಷ್ಟು ಅಂತರವಿರಬಹುದೆಂದು ಒಪ್ಪಿದ ಶಾಸ್ತ್ರಕ್ಕೆ, ಸ್ಥಾನವನ್ನೇ ನೆಚ್ಚಿರುವ ಇಂಗ್ಲಿಷಿನ ವ್ಯವಸ್ಥೆಯಲ್ಲೂ ಬಿರುಕುಗಳು ಕಾಣದೆ ಇರುತ್ತಿರಲಿಲ್ಲ.

ಆ ಬಿರುಕು ‘ಮಸ್ಟ್ ನಾಟ್’ ಮತ್ತು ‘ನೀಡ್ ನಾಟ್’ ಎಂಬ ಜೋಡಿಯಲ್ಲಿ ಎದ್ದು ಕಾಣುತ್ತದೆ. ಎರಡರಲ್ಲೂ ‘ನಾಟ್’ ಇರುವ ಜಾಗ ಒಂದೇ, ಸಹಾಯಕ ಪದಗಳು ನಿಷೇಧವಿಲ್ಲದಿದ್ದಾಗ ಕೊಡುವ ಅರ್ಥಗಳೂ ಹತ್ತಿರದವು. ಆದರೂ ‘ಯು ಮಸ್ಟ್ ನಾಟ್ ಗೋ’ ಎಂದರೆ ಹೋಗಬಾರದು, ‘ಯು ನೀಡ್ ನಾಟ್ ಗೋ’ ಎಂದರೆ ಹೋಗಬೇಕಾಗಿಲ್ಲ. ಮೊದಲನೆಯದರಲ್ಲಿ ಹೋಗದಿರುವುದೇ ಕರ್ತವ್ಯವಾಯಿತು, ಎರಡನೆಯದರಲ್ಲಿ ಹೋಗುವ ಕರ್ತವ್ಯವೇ ಕಳಚಿಬಿತ್ತು. ಕನ್ನಡ ಇವೆರಡಕ್ಕೆ ಬೇರೆ ಬೇರೆ ಪದಗಳನ್ನೇ ಇಟ್ಟುಕೊಂಡಿರುವುದರಿಂದ ಕನ್ನಡಿಗನು ತನ್ನ ಮಾತಿನಲ್ಲಿ ಇಲ್ಲಿ ಎಡವುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎಡವುತ್ತಾನೆ, ಏಕೆಂದರೆ ಅಲ್ಲಿನ ಸ್ಥಾನ ಅವನಿಗೆ ಏನನ್ನೂ ಹೇಳಿಕೊಡುವುದಿಲ್ಲ.

ಮೀಮಾಂಸಕರು ವೇದದ ನಿಷೇಧವಾಕ್ಯಗಳನ್ನು ವಿಚಾರಿಸುವಾಗ ಹಿಡಿದದ್ದು ಇದೇ ಎಳೆಯನ್ನು. ಹದಿನೇಳನೆಯ ಶತಮಾನದ ಆಪದೇವ, ಲೌಗಾಕ್ಷಿ ಭಾಸ್ಕರ ಇವರ ಪ್ರಕರಣಗ್ರಂಥಗಳಲ್ಲಿ ಅದರ ಸಾರ ಸಿಗುತ್ತದೆ. ‘ಮಾಡತಕ್ಕದ್ದು’ ಎಂಬ ವಿಧಿರೂಪದ ಕ್ರಿಯಾಪದದಲ್ಲಿ ಎರಡು ಅಂಶಗಳಿವೆ: ಧಾತುವು ಕ್ರಿಯೆಯನ್ನು ಹೇಳುತ್ತದೆ, ಪ್ರತ್ಯಯವು ಪ್ರವರ್ತನೆಯನ್ನು, ಅಂದರೆ ಕೇಳುವವನನ್ನು ಕ್ರಿಯೆಯ ಕಡೆಗೆ ತಳ್ಳುವ ಪ್ರೇರಣೆಯನ್ನು ಹೇಳುತ್ತದೆ. ನಕಾರದ ಸ್ವಭಾವವು ತಾನು ಯಾವುದರೊಡನೆ ಸೇರುತ್ತದೋ ಅದರ ವಿರೋಧಿಯನ್ನು ತಿಳಿಸುವುದು. ಕಳಂಜವೆಂಬ ನಿಷಿದ್ಧ ಆಹಾರವನ್ನು ತಿನ್ನಬಾರದೆಂಬ ವಾಕ್ಯದಲ್ಲಿ ಅದು ಪ್ರತ್ಯಯದೊಡನೆ ಸೇರಿ, ಪ್ರವರ್ತನೆಗೆ ವಿರೋಧಿಯಾದ ನಿವರ್ತನೆಯನ್ನು, ಅಂದರೆ ಹಿಂದಕ್ಕೆ ಸೆಳೆಯುವ ಪ್ರೇರಣೆಯನ್ನು ಬೋಧಿಸುತ್ತದೆ. ಹುಟ್ಟುವ ಸೂರ್ಯನನ್ನು ಸ್ನಾತಕನು, ಅಂದರೆ ವೇದಾಧ್ಯಯನವನ್ನು ಮುಗಿಸಿದವನು, ನೋಡಬಾರದೆಂಬ ವಾಕ್ಯವಾದರೋ ಅವನು ಪಾಲಿಸಬೇಕಾದ ವ್ರತಗಳ ಪ್ರಸ್ತಾವದಲ್ಲಿ ಬಂದಿರುವುದರಿಂದ, ಅಲ್ಲಿ ನಕಾರವು ಧಾತುವಿನೊಡನೆ ಸೇರಿ ‘ನೋಡದಿರುವ ಸಂಕಲ್ಪವನ್ನು ಮಾಡತಕ್ಕದ್ದು’ ಎಂಬ ವಿಧಿಯಾಗುತ್ತದೆ. ಮೊದಲನೆಯದು ಪಾಪದಿಂದ ತಡೆಯುವ ನಿಷೇಧ, ಎರಡನೆಯದು ಪಾಪಕ್ಷಯಕ್ಕೆ ಸಾಧನವಾದ ವ್ರತ. ಎರಡು ವಾಕ್ಯಗಳ ರಚನೆ ಮೇಲುನೋಟಕ್ಕೆ ಒಂದೇ ಆಗಿದ್ದರೂ ಫಲ ಬೇರೆಯಾಯಿತು. ನಿಷೇಧವೆಂದರೆ ವಿಧಿಯ ಅಭಾವಮಾತ್ರವಲ್ಲ, ಅದಕ್ಕೆ ತನ್ನದೇ ಬಲವಿದೆ ಎಂಬ ಈ ತೀರ್ಮಾನ ‘ಮಸ್ಟ್ ನಾಟ್’ನ ಸ್ವರೂಪವನ್ನು ಇಂಗ್ಲಿಷ್ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ತಿಳಿಸುತ್ತದೆ. ಪ್ರೇರಿಸುವ ಪದಕ್ಕೆ ನಕಾರ ಸೇರಿದರೆ ತಡೆ ಹುಟ್ಟುತ್ತದೆ, ಅವಶ್ಯಕತೆಯನ್ನು ವರ್ಣಿಸುವ ಪದಕ್ಕೆ ಸೇರಿದರೆ ಆ ಅವಶ್ಯಕತೆಯಷ್ಟೇ ಹೋಗುತ್ತದೆ.

ವಿಧಿನಿಷೇಧಗಳನ್ನು ಬಿಟ್ಟು ಇರುವ ಇಲ್ಲದ ವಸ್ತುಗಳ ವಿಚಾರಕ್ಕೆ ಬಂದರೆ ನೈಯಾಯಿಕರ ಚರ್ಚೆಯೇ ಮುಖ್ಯವಾದದ್ದು. ಪ್ರಶಸ್ತಪಾದನಂಥ ಹಳೆಯ ವೈಶೇಷಿಕರು ಆರು ಪದಾರ್ಥಗಳನ್ನು ಎಣಿಸಿದರೆ, ಮುಂದಿನವರು ಅಭಾವವನ್ನು ಏಳನೆಯ ಪದಾರ್ಥವಾಗಿ ಸೇರಿಸಿದರು. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದುವ ಇಂದಿನ ವಿದ್ಯಾರ್ಥಿಯೂ ಏಳನ್ನೇ ಕಲಿಯುತ್ತಾನೆ. ಅಭಾವಕ್ಕೆ ಎರಡು ಆಸರೆಗಳು ಬೇಕು: ಯಾವುದರ ಅಭಾವವೋ ಅದು ಪ್ರತಿಯೋಗಿ, ಎಲ್ಲಿ ಅಭಾವವೋ ಅದು ಅನುಯೋಗಿ. ನೆಲದ ಮೇಲೆ ಮಡಕೆಯಿಲ್ಲವೆಂದಾಗ ಮಡಕೆ ಪ್ರತಿಯೋಗಿ, ನೆಲ ಅನುಯೋಗಿ; ಮಡಕೆಯನ್ನು ಅರಿಯದವನಿಗೆ ಅದರ ಅಭಾವದ ಅರಿವೂ ಆಗದು. ಸಂಬಂಧವನ್ನು ನಿರಾಕರಿಸುವುದು ಸಂಸರ್ಗಾಭಾವ, ತಾದಾತ್ಮ್ಯವನ್ನು, ಅಂದರೆ ಎರಡೂ ಒಂದೇ ಎಂಬುದನ್ನು ನಿರಾಕರಿಸುವುದು ಅನ್ಯೋನ್ಯಾಭಾವ. ಹುಟ್ಟುವ ಮೊದಲಿನ ಅಭಾವ, ನಾಶವಾದ ಮೇಲಿನ ಅಭಾವ, ಮೂರು ಕಾಲಗಳಲ್ಲೂ ಇರುವ ಅತ್ಯಂತಾಭಾವ ಎಂದು ಸಂಸರ್ಗಾಭಾವದಲ್ಲಿ ಮೂರು ಬಗೆ. ನೆಲದಲ್ಲಿ ಮಡಕೆಯಿಲ್ಲವೆಂಬುದನ್ನೂ ನೆಲವು ಮಡಕೆಯಲ್ಲವೆಂಬುದನ್ನೂ ಒಂದೇ ನಕಾರದಿಂದ ಹೇಳುವ ಸಂಸ್ಕೃತದಲ್ಲಿ ಇವುಗಳ ಭೇದ ನೆಲವೆಂಬ ಪದದ ವಿಭಕ್ತಿಯಿಂದ ಹೊರಡಬೇಕು. ನವದ್ವೀಪದ ರಘುನಾಥ ಶಿರೋಮಣಿ ಈ ನಕಾರವೊಂದನ್ನೇ ಕುರಿತು ‘ನಞ್ವಾದ’ವೆಂಬ ಪ್ರತ್ಯೇಕ ಗ್ರಂಥವನ್ನು ಬರೆದನು. ಇಂಗ್ಲಿಷಿನ ‘ಈಸ್ ನಾಟ್’ ಕೂಡ ಎರಡಕ್ಕೂ ಒಂದೇ. ಕನ್ನಡದ ಹಳ್ಳಿಯ ಮಗು ಮಾತ್ರ ನ್ಯಾಯಶಾಸ್ತ್ರದ ಹೆಸರನ್ನೇ ಕೇಳದೆ, ಸಂಸರ್ಗಾಭಾವಕ್ಕೆ ‘ಇಲ್ಲ’ವನ್ನೂ ಅನ್ಯೋನ್ಯಾಭಾವಕ್ಕೆ ‘ಅಲ್ಲ’ವನ್ನೂ ತಪ್ಪದೆ ಬಳಸುತ್ತದೆ. ಹೀಗೆಂದು ಕನ್ನಡವು ಸಂಸ್ಕೃತಕ್ಕಿಂತ ತಾರ್ಕಿಕವಾದ ಭಾಷೆಯೆಂದು ಹಿಗ್ಗಬೇಕಾದ್ದಿಲ್ಲ. ಭೇದವನ್ನು ಪದದಲ್ಲಿ ಪಡೆದವರಿಗೆ ಅದನ್ನು ಶಾಸ್ತ್ರವಾಗಿ ಬೆಳೆಸುವ ಒತ್ತಾಯ ಹುಟ್ಟದಿದ್ದದ್ದೂ ಅಷ್ಟೇ ನಿಜ.

ಅಭಾವವು ನಿಜವಾಗಿಯೂ ಒಂದು ಪದಾರ್ಥವೇ ಎಂಬಲ್ಲಿ ದಾರ್ಶನಿಕರು ಒಡೆದುಹೋದರು. ಮೀಮಾಂಸಕರಲ್ಲಿ ಕುಮಾರಿಲನ ಅನುಯಾಯಿಗಳು ಅದನ್ನು ಒಪ್ಪಿ, ಅದರ ಅರಿವಿಗೆ ಅನುಪಲಬ್ಧಿಯೆಂಬ ಬೇರೆಯೇ ಪ್ರಮಾಣವನ್ನು ಹೇಳಿದರು; ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿರುವುದೇ ಅನುಪಲಬ್ಧಿ. ನೈಯಾಯಿಕರು ಪ್ರತ್ಯಕ್ಷವೇ ಸಾಕೆಂದರು. ಮೀಮಾಂಸಕರಲ್ಲೇ ಇನ್ನೊಂದು ಪಂಗಡದವರಾದ ಪ್ರಾಭಾಕರರು ಅಭಾವವನ್ನೇ ಒಪ್ಪದೆ, ಮಡಕೆಯಿಲ್ಲದ ನೆಲವೆಂದರೆ ಬರಿಯ ನೆಲವೇ, ಅದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ ಎಂದರು. ಮೊಲದ ಕೊಂಬಿನ ಪ್ರಶ್ನೆ ಬಂದಾಗ ನೈಯಾಯಿಕರು ಕೊಡುವ ಪರಿಹಾರ ಪ್ರಸ್ತುತ ವಿಷಯಕ್ಕೆ ಬಹಳ ಹತ್ತಿರವಾದದ್ದು. ಮೊಲದ ಕೊಂಬೆಂಬುದು ಎಲ್ಲಿಯೂ ಪ್ರಸಿದ್ಧವಲ್ಲವಾದ್ದರಿಂದ ಅದು ಪ್ರತಿಯೋಗಿಯಾಗಲಾರದು. ಆದ್ದರಿಂದ ‘ಮೊಲದ ಕೊಂಬು ಇಲ್ಲ’ ಎಂಬ ವಾಕ್ಯವನ್ನು ‘ಮೊಲದಲ್ಲಿ ಕೊಂಬಿಲ್ಲ’ ಎಂದು ಬಿಡಿಸಬೇಕು. ಕೊಂಬು ಹಸುವಿನಲ್ಲಿ ಪ್ರಸಿದ್ಧ, ಮೊಲವೂ ಪ್ರಸಿದ್ಧ, ಇಲ್ಲದಿರುವುದು ಅವುಗಳ ಸಂಬಂಧ ಮಾತ್ರ. ನಕಾರವನ್ನು ಒಂದು ಸ್ಥಾನದಿಂದ ಕಿತ್ತು ಮತ್ತೊಂದರಲ್ಲಿ ನೆಟ್ಟ ಕೂಡಲೇ ಅಸಂಬದ್ಧವಾಗಿ ಕಂಡ ಮಾತು ಸತ್ಯವಾಕ್ಯವಾಯಿತು.

ಹಾಗಾದರೆ ನಿಷೇಧ ಮತ್ತು ಪ್ರಶ್ನೆ ಎರಡೂ ಒಂದೇ ಜಾತಿಯವೇ? ಇಂಗ್ಲಿಷು ಎರಡಕ್ಕೂ ಸಹಾಯಕ ಕ್ರಿಯಾಪದವನ್ನೇ ಬಳಸುವುದನ್ನು ನೋಡಿದರೆ ಹಾಗೆನಿಸುತ್ತದೆ: ಹೇಳಿಕೆ ಸ್ಥಾಪಿಸುತ್ತದೆ, ನಿಷೇಧ ತಳ್ಳುತ್ತದೆ, ಪ್ರಶ್ನೆ ಎರಡರ ನಡುವೆ ತೂಗುತ್ತದೆ. ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್‌ಲೋಬ್ ಫ್ರೇಗೆ ನಿಷೇಧವನ್ನು ಕುರಿತ ಪ್ರಬಂಧದಲ್ಲಿ ಇದನ್ನು ಒಪ್ಪಲಿಲ್ಲ. ಅವನ ಪ್ರಕಾರ ಪ್ರಶ್ನೆ ಮತ್ತು ಅದಕ್ಕೆ ಹೌದೆಂಬ ಉತ್ತರ ಎರಡರಲ್ಲೂ ಇರುವ ವಿಚಾರ ಒಂದೇ, ಉತ್ತರದಲ್ಲಿ ಅದನ್ನು ಸತ್ಯವೆಂದು ಪ್ರತಿಪಾದಿಸಲಾಗಿದೆ, ಪ್ರಶ್ನೆಯಲ್ಲಿ ಹಾಗೆ ಪ್ರತಿಪಾದಿಸಿಲ್ಲ. ನಿಷೇಧವಾದರೋ ವಿಚಾರದ ಒಳಗಿನದೇ ಅಂಶ. ‘ಅವನು ಬಾರದಿದ್ದರೆ ಕೆಲಸ ನಿಲ್ಲುತ್ತದೆ’ ಎನ್ನುವವನು ಅವನು ಬರುವುದನ್ನು ನಿರಾಕರಿಸುತ್ತಿಲ್ಲ, ಆದರೂ ನಿಷೇಧ ಅಲ್ಲಿದೆ. ಫ್ರೇಗೆಯ ಈ ವಾದಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಉತ್ತಮ ಸಾಕ್ಷಿ. ‘ಅವನು ಬರಲಿಲ್ಲ’ ಎಂದು ಪೂರ್ಣವಾಕ್ಯದಲ್ಲಿ ಪ್ರತಿಪಾದಿಸುವಾಗ ಬರುವ ‘ಇಲ್ಲ’ ಅಧೀನವಾಕ್ಯದಲ್ಲಿ ಸಾಮಾನ್ಯವಾಗಿ ನಿಲ್ಲದೆ, ‘ಬಾರದೆ’, ‘ಬಾರದ’, ‘ಬಾರದಿದ್ದರೆ’ ಎಂದು ಬೇರೊಂದು ನಿಷೇಧರೂಪಕ್ಕೆ ಜಾಗ ಬಿಡುತ್ತದೆ. ಪ್ರತಿಪಾದನೆಯೊಡನೆ ಬೆರೆತ ನಿಷೇಧ ಒಂದು, ವಿಚಾರದೊಳಗಿನ ನಿಷೇಧ ಮತ್ತೊಂದು ಎಂದು ಕನ್ನಡದ ಕ್ರಿಯಾಪದವೇ ಗುರುತು ಹಾಕಿಕೊಟ್ಟಿದೆ.

ಕನ್ನಡದ ನಿಷೇಧರೂಪಗಳಲ್ಲಿ ಇನ್ನೊಂದು ವಿಶೇಷವಿದೆ. ಶಾಲೆಯ ವ್ಯಾಕರಣದಲ್ಲಿ ನಿಷೇಧಾರ್ಥಕ ಕ್ರಿಯಾಪದಗಳೆಂದು ಕಲಿಸುವ ‘ಮಾಡನು’, ‘ಮಾಡಳು’, ‘ಮಾಡೆನು’ ಮೊದಲಾದವುಗಳಲ್ಲಿ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತುತ್ತದೆ, ನಡುವೆ ಕಾಲಸೂಚಕ ಪ್ರತ್ಯಯವಿರುವುದಿಲ್ಲ. ಹಳಗನ್ನಡದಲ್ಲಿ ಈ ರೂಪವೊಂದೇ ಸಂದರ್ಭಕ್ಕೆ ತಕ್ಕಂತೆ ಮೂರು ಕಾಲಗಳಿಗೂ ಸಲ್ಲುತ್ತಿತ್ತು. ನಡೆಯದ ಕ್ರಿಯೆಗೆ ಕಾಲದ ಗುರುತೇಕೆ ಎಂಬ ತರ್ಕವನ್ನು ಇಲ್ಲಿ ಕಾಣುವ ಆಸೆ ಹುಟ್ಟುತ್ತದೆ, ಆದರೆ ನುಡಿಯ ಇತಿಹಾಸದ ಮೇಲೆ ಅಷ್ಟು ಭಾರ ಹೇರುವುದು ಸರಿಯಲ್ಲ. ಹೊಸಗನ್ನಡ ಕಾಲವನ್ನು ತಿಳಿಸಲು ‘ಮಾಡುವುದಿಲ್ಲ’, ‘ಮಾಡಲಿಲ್ಲ’, ‘ಮಾಡಿಲ್ಲ’ ಎಂದು ‘ಇಲ್ಲ’ಕ್ಕೆ ಮುಂಚಿನ ರೂಪವನ್ನು ಬದಲಿಸುತ್ತದೆ, ಇಂಗ್ಲಿಷು ‘ಡಸ್’, ‘ಡಿಡ್’, ‘ಹ್ಯಾಸ್’ ಎಂದು ‘ನಾಟ್’ಗೆ ಮುಂಚಿನ ಸಹಾಯಕ ಪದವನ್ನು ಬದಲಿಸುತ್ತದೆ. ಒಂದರಲ್ಲಿ ನಿಷೇಧಪದವೇ ವಾಕ್ಯವನ್ನು ಮುಗಿಸುವ ಕ್ರಿಯಾಪದ, ಇನ್ನೊಂದರಲ್ಲಿ ಅದು ಕ್ರಿಯಾಪದವನ್ನು ಆತು ನಿಂತ ಅವ್ಯಯ. ಕನ್ನಡಿಗನು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಹಲವು ಇಲ್ಲಿಂದಲೇ ಹೊರಡುತ್ತವೆ.

ಪ್ರಶ್ನೆಯ ಮಾತು ಬಂದಾಗ ಬುದ್ಧನ ವರ್ಗೀಕರಣವನ್ನು ನೆನೆಯದೆ ಇರಲಾಗದು. ಅಂಗುತ್ತರ ನಿಕಾಯದಲ್ಲಿ ನಾಲ್ಕು ಬಗೆಯ ಪ್ರಶ್ನೆಗಳನ್ನು ಹೇಳಿದೆ: ನೇರವಾಗಿ ಉತ್ತರಿಸತಕ್ಕವು, ವಿಂಗಡಿಸಿ ಉತ್ತರಿಸತಕ್ಕವು, ಮರುಪ್ರಶ್ನೆಯಿಂದ ಉತ್ತರಿಸತಕ್ಕವು, ಬದಿಗಿಡತಕ್ಕವು. ಮುಕ್ತನಾದ ತಥಾಗತನು ಮರಣಾನಂತರ ಇರುತ್ತಾನೆಯೇ, ಇರುವುದಿಲ್ಲವೇ ಎಂಬಂಥವು ಕೊನೆಯ ಬಗೆಯವು. ವಚ್ಛಗೋತ್ತನೆಂಬ ಪರಿವ್ರಾಜಕನು ಇದನ್ನು ಕೇಳಿದಾಗ ಬುದ್ಧನು ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತೆಂದು ಕೇಳುವುದು ಹೇಗೆ ಸಲ್ಲದೋ ಹಾಗೆ ಇದೂ ಸಲ್ಲದೆಂದನು. ಅಂಥ ಪ್ರಶ್ನೆಗೆ ‘ಇಲ್ಲ’ ಎನ್ನುವುದೂ ಅದರ ಒಳಗಿನ ಊಹೆಯನ್ನು ಒಪ್ಪಿಕೊಂಡಂತೆಯೇ. ಮುಂದೆ ಆರನೆಯ ಶತಮಾನದ ಬೌದ್ಧ ದಾರ್ಶನಿಕ ಭಾವವಿವೇಕನು ತನ್ನ ಪಂಥದ ಮೂಲಾಚಾರ್ಯ ನಾಗಾರ್ಜುನನ ನಿಷೇಧಗಳೆಲ್ಲ ಪ್ರಸಜ್ಯಪ್ರತಿಷೇಧಗಳೆಂದು ಒತ್ತಿ ಹೇಳಿದ್ದರ ಉದ್ದೇಶವೂ ಇದೇ: ವಸ್ತು ತನ್ನಿಂದ ಹುಟ್ಟದು ಎಂದ ಮಾತ್ರಕ್ಕೆ ಬೇರೆಯದರಿಂದ ಹುಟ್ಟುತ್ತದೆಂದು ವಿಧಿಸಿದಂತಾಗಬಾರದು.

ನಿಷೇಧಪ್ರಶ್ನೆಗೆ ಉತ್ತರಿಸುವ ರೀತಿಯಲ್ಲಿ ಎರಡು ಭಾಷೆಗಳ ದೃಷ್ಟಿಭೇದ ದಿನವೂ ಕಾಣುತ್ತದೆ. ‘ನೀವು ಅಲ್ಲಿಗೆ ಹೋಗಲಿಲ್ಲವೇ?’ ಎಂದು ಕೇಳಿದರೆ ಹೋಗದಿದ್ದ ಕನ್ನಡಿಗನು ‘ಹೌದು, ಹೋಗಲಿಲ್ಲ’ ಎನ್ನಬಲ್ಲನು, ಏಕೆಂದರೆ ಅವನು ಪ್ರಶ್ನೆಯಲ್ಲಿ ಅಡಗಿರುವ ಹೇಳಿಕೆಯನ್ನು ಅನುಮೋದಿಸುತ್ತಾನೆ. ಇಂಗ್ಲಿಷಿನವನು ‘ನೋ, ಐ ಡಿಡ್ ನಾಟ್’ ಎನ್ನಬೇಕು, ಏಕೆಂದರೆ ಅಲ್ಲಿ ‘ಯೆಸ್’, ‘ನೋ’ ಎಂಬವು ಕೇಳಿದವನ ವಾಕ್ಯವನ್ನು ಲೆಕ್ಕಿಸದೆ ತನ್ನದೇ ಉತ್ತರದ ಸಹಾಯಕ ಪದವನ್ನು ಹಿಂಬಾಲಿಸುತ್ತವೆ. ನ್ಯಾಯಾಲಯದ ಪಾಟೀಸವಾಲಿನಲ್ಲಿ ಸಾಕ್ಷಿಯ ಬರಿಯ ‘ಹೌದು’ ಇಂಗ್ಲಿಷ್ ದಾಖಲೆಗೆ ಬರಿಯ ‘ಯೆಸ್’ ಆಗಿ ಇಳಿದರೆ ಹೋಗದವನು ಹೋದವನಾಗುತ್ತಾನೆ. ಇಲ್ಲಿ ಒಂದು ರೀತಿ ಸರಿ, ಇನ್ನೊಂದು ತಪ್ಪೆಂಬುದಿಲ್ಲ. ಸಮ್ಮತಿ ಮಾತಿಗೋ ಸಂಗತಿಗೋ ಎಂಬಲ್ಲಿ ಅವು ಬೇರೆಯಾಗಿವೆ.

ನಿಷೇಧದ ಅನ್ವಯವು ಮೋಕ್ಷಶಾಸ್ತ್ರವನ್ನೇ ಎರಡಾಗಿ ಸೀಳಿದ ಪ್ರಸಂಗ ಬೃಹದಾರಣ್ಯಕೋಪನಿಷತ್ತಿನ ‘ನೇತಿ ನೇತಿ’ ಎಂಬ ಉಪದೇಶದ ವಿಚಾರದಲ್ಲಿ ಬರುತ್ತದೆ. ಬ್ರಹ್ಮಕ್ಕೆ ಮೂರ್ತ, ಅಮೂರ್ತ ಎಂಬ ಎರಡು ರೂಪಗಳನ್ನು ವರ್ಣಿಸಿದ ಮೇಲೆ ಈ ನಿಷೇಧ ಬಂದಿರುವುದರಿಂದ, ನಿಷೇಧವಾದದ್ದು ಏನೆಂಬುದನ್ನು ಬ್ರಹ್ಮಸೂತ್ರವು ತನ್ನ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಎತ್ತಿಕೊಳ್ಳುತ್ತದೆ. ಶಂಕರರ ಭಾಷ್ಯದ ಪ್ರಕಾರ ನಿಷೇಧವು ಆ ಎರಡು ರೂಪಗಳಿಗೆ ಸಲ್ಲುತ್ತದೆ, ಬ್ರಹ್ಮಕ್ಕಲ್ಲ. ಸತ್ಯವಾದ ಯಾವುದೋ ಒಂದನ್ನು ಉಳಿಸಿಕೊಂಡೇ ಅಸತ್ಯವಾದುದನ್ನು ನಿಷೇಧಿಸಲು ಸಾಧ್ಯ, ಹಗ್ಗ ಉಳಿದರೆ ಮಾತ್ರ ಹಾವಿಲ್ಲವೆನ್ನಬಹುದು, ಎಲ್ಲವನ್ನೂ ಅಲ್ಲಗಳೆದರೆ ನಿಷೇಧಕ್ಕೇ ನೆಲೆಯಿರದು ಎಂಬುದು ಅವರ ಯುಕ್ತಿ. ನೈಯಾಯಿಕರ ಅನುಯೋಗಿಯ ನಿಯಮವೇ ಇಲ್ಲಿ ಬೇರೆ ಉದ್ದೇಶಕ್ಕೆ ದುಡಿಯುತ್ತಿದೆ. ರಾಮಾನುಜರ ಶ್ರೀಭಾಷ್ಯದ ಪ್ರಕಾರವಾದರೋ ಶ್ರುತಿಯು ತಾನೇ ಉಪದೇಶಿಸಿದ ರೂಪಗಳನ್ನು ಮರುಗಳಿಗೆಯಲ್ಲಿ ತಾನೇ ಅಳಿಸಿಹಾಕುವುದು ಹುಚ್ಚರ ಮಾತಿನಂತಾಗುತ್ತದೆ. ಆದ್ದರಿಂದ ನಿಷೇಧ ಸಲ್ಲುವುದು ‘ಇಷ್ಟೇ’ ಎಂಬ ಮಿತಿಗೆ, ಬ್ರಹ್ಮವು ಹೇಳಿದಷ್ಟಕ್ಕೇ ಮುಗಿಯುವುದಿಲ್ಲವೆಂದು ಅದರ ತಾತ್ಪರ್ಯ. ಸೂತ್ರದ ಅಕ್ಷರಕ್ಕೆ ರಾಮಾನುಜರ ಅರ್ಥವೇ ಹೆಚ್ಚು ಹತ್ತಿರವೆನ್ನಬೇಕು, ಏಕೆಂದರೆ ಅಲ್ಲಿ ನಿಷೇಧ್ಯವೆಂದು ಹೆಸರಿಸಿರುವುದು ‘ಇಷ್ಟುತನ’ವನ್ನೇ, ನಿಷೇಧಕ್ಕೆ ನೆಲೆ ಬೇಕೆಂಬ ಶಂಕರರ ಯುಕ್ತಿ ಮಾತ್ರ ಎರಡೂ ಪಕ್ಷಗಳಿಗೆ ಸಮಾನವಾಗಿ ಸಲ್ಲುತ್ತದೆ. ಜಗತ್ತು ಮಿಥ್ಯೆಯೋ ಸತ್ಯವೋ ಎಂಬವರೆಗೆ ಹೋಗುವ ಈ ಭಿನ್ನಾಭಿಪ್ರಾಯದಲ್ಲಿ ‘ನ’ ಎಂಬ ಪದದ ಅರ್ಥದ ಬಗ್ಗೆ ಇಬ್ಬರು ಆಚಾರ್ಯರಿಗೂ ವಿವಾದವಿಲ್ಲ. ವಿವಾದವಿರುವುದು ಅದರ ಮುಂದಿನ ‘ಇತಿ’ ಎಂಬುದು ಯಾವುದನ್ನು ಬೊಟ್ಟುಮಾಡುತ್ತದೆ ಎಂಬಲ್ಲಿ.